ಎಸಿಯ ಬೆಲೆ ಅಂಗಡಿಯಲ್ಲಿ, ಖರ್ಚು ಗೋಡೆಯಲ್ಲಿ

ಬಿಬವೇವಾಡಿಯ ನಮ್ಮ ಸೊಸೈಟಿಗೆ ಮೂವತ್ತು ವರ್ಷ ದಾಟಿದೆ. ನಾಲ್ಕು ಮಹಡಿ, ಲಿಫ್ಟ್ ಇಲ್ಲ, ನಾವಿರುವುದು ಮೂರನೆಯದರಲ್ಲಿ. ವಿಜಯಪುರದ ಬಿಸಿಲು ಉಂಡು ಬಂದವರಿಗೆ ಪುಣೆಯದೂ ಒಂದು ಬೇಸಿಗೆಯೇ ಎಂದು ನಗುತ್ತಿದ್ದವರು ನಾವು. ಈಗ ಏಪ್ರಿಲ್‌ನಲ್ಲಿ ಇಲ್ಲಿಯೂ 40 ಡಿಗ್ರಿ ಆಗುತ್ತದೆ. ಹೋದ ವರ್ಷ ಎರಡು ರಾತ್ರಿ ನಿದ್ದೆಯಿಲ್ಲದೆ ಅವ್ವ ತಲೆಸುತ್ತಿ ಬಿದ್ದಳು. ಡಾಕ್ಟರು ಅವಳ ಕೋಣೆ ತಂಪಾಗಿರಲಿ ಎಂದರು. "ಇಷ್ಟ್ ವರ್ಷ ಫ್ಯಾನಿನ ಕೆಳಗ ಮಲಗೇನಿ, ಈಗ್ಯಾಕೋ ಇದೆಲ್ಲ ದುಂದು?" ಎಂದು ಅವ್ವನ ತಕರಾರು.

2025ರ ಸೆಪ್ಟೆಂಬರ್ 22ರಿಂದ ಎಸಿಯ ಮೇಲಿನ ಜಿಎಸ್‌ಟಿ 28ರಿಂದ 18 ಪ್ರತಿಶತಕ್ಕೆ ಇಳಿದಿತ್ತು. ಅದರ ಹುರುಪಿನಲ್ಲಿ 36,000 ರೂಪಾಯಿಗೆ ಒಂದು ಟನ್ನಿನ ಸ್ಪ್ಲಿಟ್ ಎಸಿ ತಂದೆ. ಕೂಡಿಸಲು 1,500 ಎಂದು ಅಂಗಡಿಯವರು ಹೇಳಿದ್ದರು. ಕೊನೆಗೆ ಕೈಬಿಟ್ಟಿದ್ದು 15,400.

ಎಲ್ಲಿ ಹೋಯಿತು ಹಣ? ಮೊದಲು ತಾಮ್ರದ ಪೈಪು. ನಮ್ಮ ಪೆಟ್ಟಿಗೆಯಲ್ಲಿ ಬಂದದ್ದು ಮೂರು ಮೀಟರ್. ಒಳಗಿನ ಯೂನಿಟ್ಟಿನ ಬೆನ್ನ ಗೋಡೆಯಾಚೆಯೇ ಹೊರಗಿನದನ್ನು ತೂಗುಹಾಕಿದರೆ ಅಷ್ಟು ಸಾಕು. ಕೂಡಿಸಲು ಬಂದ ಹುಡುಗನೂ ಹಾಗೆಯೇ ಹೊರಟಿದ್ದ. ಕಿಟಕಿಯಿಂದ ಒಂದು ಕಾಲು ಸಜ್ಜಾದ ಮೇಲೆ ಇಟ್ಟ. ಸೊಂಟಕ್ಕೆ ಪಟ್ಟಾ ಇಲ್ಲ, ಹಗ್ಗ ಇಲ್ಲ. ಕೇಳಿದರೆ, "ರೋಜಚಂ ಆಹೇ, ಕಾಕಾ" ಎಂದು ನಕ್ಕ. ಇಪ್ಪತ್ತೆರಡು ವರ್ಷ ಇದ್ದಾನು. ಒಳಗಿನಿಂದ ಅವ್ವ ಕೂಗಿದಳು, "ಆ ಹುಡುಗನ್ನ ಮದಲ ಒಳಗ ಕರಿ!"

ಆಗ ನಿಶ್ಚಯಿಸಿದೆ, ಹೊರಗಿನ ಯೂನಿಟ್ ಟೆರೇಸಿಗೆ. ಸೊಸೈಟಿಯ ಸೆಕ್ರೆಟರಿ ಕಾಕಾ ಕೂಡ ಒಂದು ಅರ್ಜಿ ಬರೆಸಿಕೊಂಡು ಒಪ್ಪಿದರು. ಆದರೆ ಪೈಪು 11 ಮೀಟರ್ ಆಯಿತು. ಹೆಚ್ಚಿನ 8 ಮೀಟರಿಗೆ, ಮೀಟರಿಗೆ 900ರಂತೆ 7,200. ಪೈಪು ಉದ್ದವಾದಷ್ಟು ಒಂದಿಷ್ಟು ಗ್ಯಾಸೂ ಹೆಚ್ಚು ಬೇಕು, ತಂಪೂ ಸ್ವಲ್ಪ ಸೋರುತ್ತದೆ. ಆದರೆ ಸರ್ವಿಸಿಗೆಂದು ಯಾರೂ ಸಜ್ಜಾದ ಮೇಲೆ ನಿಲ್ಲಬೇಕಿಲ್ಲ. ಸ್ಟ್ಯಾಂಡಿಗೆ 900, ಗೋಡೆ ಕೊರೆಯಲು 600. ಹಳೆಯ ಇಟ್ಟಿಗೆ ಗೋಡೆಯಾದ್ದರಿಂದ ಅಷ್ಟಕ್ಕೆ ಮುಗಿಯಿತು, ಕಾಂಕ್ರೀಟ್ ಆಗಿದ್ದರೆ ಇನ್ನೂ ಹೆಚ್ಚು.

ಉಳಿದ 5,200 ಎಲೆಕ್ಟ್ರಿಷಿಯನ್ನನಿಗೆ. ಕಟ್ಟುವಾಗ ಈ ಮನೆಗೆ ಫ್ಯಾನು, ಟಿವಿ, ಮಿಕ್ಸರು ಇಷ್ಟೇ ಲೆಕ್ಕ ಹಿಡಿದಿದ್ದರು. ಕೋಣೆಯಲ್ಲಿ 16 ಆಂಪಿಯರಿನ ಸಾಕೆಟ್ಟೇ ಇರಲಿಲ್ಲ. ಮೇನ್ ಬೋರ್ಡಿನಿಂದ 4 ಚದರ ಮಿಲಿಮೀಟರಿನ ಬೇರೆ ತಂತಿ ಎಳೆಸಿ, ಅದಕ್ಕೇ ಒಂದು ಎಂಸಿಬಿ ಹಾಕಿಸಿದೆವು. ಹಳೆಯ ತಂತಿಗೇ ಜೋಡಿಸಿ ಅಂದವರೂ ಇದ್ದರು. ಗೋಡೆಯೊಳಗೆ ತಂತಿ ಕಾಯ್ದು ಕರಗಿದರೆ ಯಾರಿಗೆ ಕಾಣುತ್ತದೆ? ಮಹಾವಿತರಣದ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟೆಂದು ಬರೆದಿರುತ್ತದೆ. ಎಸಿ ಕೊಳ್ಳುವ ಮೊದಲೇ ಅದನ್ನು ನೋಡಿಕೊಳ್ಳಿ.

ಹಣ ಕೊಟ್ಟರೂ ಆಗದೆ ಉಳಿಯುವ ಒಂದು ಕೆಲಸವಿದೆ. ಗ್ಯಾಸ್ ಬಿಡುವ ಮೊದಲು ಪೈಪಿನೊಳಗಿನ ಗಾಳಿ, ತೇವವನ್ನು ವ್ಯಾಕ್ಯೂಮ್ ಪಂಪಿನಿಂದ ಎಳೆದು ತೆಗೆಯಬೇಕು. ಅವಸರದವರು ಪಂಪು ಬಿಟ್ಟು ಬಂದು, ಒಂದಿಷ್ಟು ಗ್ಯಾಸನ್ನೇ ಬುಸ್ಸೆಂದು ಹೊರಬಿಟ್ಟು ಗಾಳಿ ಓಡಿಸುತ್ತಾರೆ. ಒಳಗೆ ತೇವ ಉಳಿದರೆ ಕಂಪ್ರೆಸರಿನ ಆಯುಷ್ಯ ಕಡಿಮೆ. ಈಗಿನ ಹೆಚ್ಚಿನ ಎಸಿಗಳಲ್ಲಿರುವ ಆರ್-32 ಸ್ವಲ್ಪ ಮಟ್ಟಿಗೆ ಬೆಂಕಿ ಹಿಡಿಯುವ ಗ್ಯಾಸ್ ಬೇರೆ. ಬಂದವರ ಚೀಲದಲ್ಲಿ ಪಂಪು ಇದೆಯೇ ಎಂದು ಬಾಗಿಲಲ್ಲೇ ಕೇಳಿ, ಸಂಕೋಚ ಬೇಡ. ನೀರಿನ ಪೈಪನ್ನೂ ಇಳಿಜಾರು ನೋಡಿ ಹಾಕಿಸಿ, ಇಲ್ಲದಿದ್ದರೆ ಕೆಳಗಿನ ಮನೆಯವರ ಒಣಗಿದ ಬಟ್ಟೆಯ ಮೇಲೆ ಹನಿಯುತ್ತದೆ. ಸೊಸೈಟಿಯ ಅರ್ಧ ಜಗಳಗಳ ಮೂಲ ಅದೇ.

ಐದು ಸ್ಟಾರೋ ಮೂರೋ ಎಂದು ಗೆಳೆಯರು ಕೇಳುತ್ತಾರೆ. ಲೇಬಲ್ಲಿನ ಮೇಲೆ ಬರೆದ ವರ್ಷದ ಯೂನಿಟ್ಟುಗಳು 1,600 ಗಂಟೆಯ ಲೆಕ್ಕದವು. ನಮ್ಮಲ್ಲಿ ಏಪ್ರಿಲ್‌ನಿಂದ ಮಳೆ ಹಿಡಿಯುವವರೆಗೆ 70 ರಾತ್ರಿ, ದಿನಕ್ಕೆ ಎಂಟು ಗಂಟೆ ಎಂದರೂ 560 ಗಂಟೆ. ಅಂದರೆ ಮೂರನೇ ಒಂದು ಭಾಗ. ಲೇಬಲ್ಲಿನಲ್ಲಿ 200 ಯೂನಿಟ್ ಉಳಿತಾಯ ಕಂಡರೆ ನಮಗೆ ಸಿಗುವುದು 70. ಹಗಲಿಡೀ ಮನೆಯಿಂದಲೇ ಕೆಲಸ ಮಾಡುವವರಿಗೆ ಐದು ಸ್ಟಾರ್ ಸರಿ, ನಾನು ಮೂರನ್ನೇ ತಂದೆ. ಉಳಿದ ಹಣ ತಂತಿಗೆ ಹೋಯಿತು. ಚಳಿಗಾಲಕ್ಕೆ ಬಿಸಿಯನ್ನೂ ಕೊಡುವ ಎಸಿಗೆ ಇನ್ನೂ ಹೆಚ್ಚು ಬೆಲೆ. ಪುಣೆಯ ನಾಲ್ಕು ಚಳಿ ರಾತ್ರಿಗೆ ಅವ್ವನ ಕೌದಿ ಸಾಕು.

ಮೇಲಿನ ಮಹಡಿಯವರ ಲೆಕ್ಕ ಬೇರೆ. ದಿನವಿಡೀ ಕಾಯ್ದ ಸ್ಲ್ಯಾಬು ರಾತ್ರಿಯೆಲ್ಲ ಬಿಸಿ ಉಗುಳುತ್ತದೆ, ಅದೇ ಅಳತೆಯ ಕೋಣೆಗೆ ಒಂದೂವರೆ ಟನ್ ಬೇಕಾಗುತ್ತದೆ. ಮೊದಲು ಟೆರೇಸಿಗೆ ಬಿಳಿ ಸುಣ್ಣ ಬಳಿಸಿ ನೋಡಿ.

ಅವ್ವ ಈಗ 26ಕ್ಕೆ ಇಟ್ಟು ಮೇಲೆ ಫ್ಯಾನೂ ಹಾಕಿಕೊಂಡು ಮಲಗುತ್ತಾಳೆ. ನಡುರಾತ್ರಿ ಎದ್ದು ಎಸಿ ಆರಿಸಿ, ರಿಮೋಟನ್ನು ದಿಂಬಿನ ಕೆಳಗೆ ಬಚ್ಚಿಡುತ್ತಾಳೆ.