ಮುಟ್ಟಿ ನೋಡುವ ಶಿಲ್ಪ

ಚಿತ್ರಶಾಲೆಯಲ್ಲಿ ‘ಮುಟ್ಟಬೇಡಿ’ ಎಂಬ ಫಲಕವೇ ನಿಮ್ಮನ್ನು ಮೊದಲು ಎದುರುಗೊಳ್ಳುತ್ತದೆ, ಅಲ್ಲವೆ? 1971ರಲ್ಲಿ ಲಂಡನ್ನಿನ ಟೇಟ್ ಗ್ಯಾಲರಿಯಲ್ಲಿ ಅಮೆರಿಕದ ಶಿಲ್ಪಿ ರಾಬರ್ಟ್ ಮಾರಿಸ್ ಈ ಕಟ್ಟಳೆಯನ್ನೇ ಬುಡಮೇಲು ಮಾಡಿದರು. ಹಲಗೆಯ ಇಳಿಜಾರು, ಹಗ್ಗ, ಮರದ ದಿಮ್ಮಿಗಳನ್ನು ಹೂಡಿ, ಏರಿರಿ, ಎಳೆಯಿರಿ, ಉರುಳಿಸಿರಿ ಎಂದು ಜನರನ್ನು ಕರೆದರು. ಜನರಿಗೋ ಹುರುಪು ಅತಿಯಾಯಿತು! ಕೆಲವರಿಗೆ ಪೆಟ್ಟಾಯಿತು, ಸಾಮಾನುಗಳೂ ಮುರಿದುವು. ವಾರ ತುಂಬುವ ಮೊದಲೇ ಬಾಗಿಲು ಹಾಕಬೇಕಾಯಿತು.

ಉಳಿದದ್ದು ದಫ್ತರದ ಕಾಗದಪತ್ರ, ಛಾಯಾಚಿತ್ರ. 2009ರಲ್ಲಿ ಅದೇ ಸಂಸ್ಥೆ, ಮಾರಿಸರ ಸಹಕಾರದಿಂದ, ಟೇಟ್ ಮಾಡರ್ನಿನ ಟರ್ಬೈನ್ ಹಾಲಿನಲ್ಲಿ ಅದನ್ನು ಮತ್ತೆ ಕಟ್ಟಿತು. ಮರ ಹೊಸದು, ಎಚ್ಚರಿಕೆಯೂ ಹೊಸದು. ಹಾಗಾದರೆ ಅದೇ ಕೃತಿಯೆ? ನನ್ನ ಮಟ್ಟಿಗೆ ಹೌದು. ಛಾಯಾಚಿತ್ರ ಹಲಗೆಯ ಆಕಾರವನ್ನು ತೋರಿಸಬಲ್ಲುದು. ಅದು ಕಾಲಡಿ ವಾಲಿದಾಗ ಮೈ ತಾನಾಗಿ ಸಮತೋಲ ಹುಡುಕುವುದನ್ನು ಅರಿಯಲು ಹತ್ತಿಯೇ ನಿಲ್ಲಬೇಕು.