ಸೀಮೆ ದಾಟಿ ಬಂದವರ ತೋಟ

ನಾಗಲಿಂಗದ ಮರ ಕಂಡ ಕೂಡಲೇ ಅಮ್ಮ ಚಪ್ಪಲಿ ಬಿಟ್ಟು ನಿಂತಳು. ಕೊಂಬೆಯಲ್ಲಿ ಅಲ್ಲ, ನೇರ ಬೊಡ್ಡೆಯ ಮೇಲೇ ಗೊಂಚಲುಗೊಂಚಲಾಗಿ ಹೂ ಬಿಟ್ಟಿತ್ತು. ನಡುವೆ ಪುಟ್ಟ ಲಿಂಗ, ಅದರ ಮೇಲೆ ಹೆಡೆ ಬಿಚ್ಚಿದ ಹಾವಿನಂತೆ ಬಾಗಿದ ಕೇಸರಗಳು. ಕೆಳಗೆ ಉದುರಿದ್ದ ಒಂದನ್ನು ಎತ್ತಿ ಕಣ್ಣಿಗೊತ್ತಿಕೊಂಡಳು.

'ಅಜ್ಜೀ, ಇದು ದಕ್ಷಿಣ ಅಮೆರಿಕದ ಮರ ಅಂತೆ' ಎಂದಳು ನನ್ನ ಮಗಳು. ಅವಳಿಗೆ ಹತ್ತು ವರ್ಷ.

'ಯಾವ ಅಮೆರಿಕಾನೋ ನಾನು ಕಾಣೆ ಕಣಮ್ಮ. ನಮ್ಮೂರ ಈಶ್ವರನ ಗುಡಿ ಹಿಂದೆ ನಮ್ಮಜ್ಜಿ ಕಾಲದಿಂದ ಇತ್ತು.'

ಇಬ್ಬರು ಹೇಳಿದ್ದೂ ನಿಜ. ಲಾಲ್‌ಬಾಗಿನಲ್ಲಿ ಒಂದು ಬೆಳಗ್ಗೆ ಕಳೆದರೆ ಇಂಥ ಜೋಡಿ ನಿಜಗಳು ಹೆಜ್ಜೆಗೊಂದು ಸಿಗುತ್ತವೆ. ಫಲಪುಷ್ಪ ಪ್ರದರ್ಶನದ ನೂಕುನುಗ್ಗಲಿನಲ್ಲಿ ಅವು ಕಣ್ಣಿಗೆ ಬೀಳುವುದಿಲ್ಲ. ಜನವರಿ 26 ಮತ್ತು ಆಗಸ್ಟ್ 15ರ ಸುತ್ತಮುತ್ತ ನಡೆಯುವ ಆ ಪ್ರದರ್ಶನವನ್ನು ನಾನೂ ಚಿಕ್ಕಂದಿನಲ್ಲಿ ಅಪ್ಪನ ಹೆಗಲ ಮೇಲೆ ಕೂತು ನೋಡಿದವಳು, ಅದರ ಸೊಗಸು ಬೇರೆ. ಆದರೆ ಮನೆಮಂದಿಯನ್ನು ಕರೆದುಕೊಂಡು ಹೋಗುವವರಿಗೆ ನಾನು ಹೇಳುವುದು ಇಷ್ಟು: ಯಾವುದಾದರೂ ಸಾದಾ ದಿನ, ಬಿಸಿಲೇರುವ ಮುಂಚೆ ಹೋಗಿ. ಮಂಡಿನೋವಿನ ಹಿರಿಯರಿದ್ದರೆ ಬ್ಯಾಟರಿ ಗಾಡಿ ಇದೆ. 2017ರಲ್ಲಿ ಹಸಿರು ಮಾರ್ಗದ ಮೆಟ್ರೊ ಈ ಕಡೆಗೆ ಬಂದ ಮೇಲೆ ಪಶ್ಚಿಮ ದ್ವಾರದ ಹತ್ತಿರವೇ ಇಳಿಯಬಹುದು. ನಾವೂ ಹಾಗೇ ಇಳಿದೆವು: ಅಮ್ಮ, ನಾನು, ನನ್ನ ಗಂಡ, ಮಗಳು.

ತೋಟದ ಕಥೆ ಶುರುವಾಗುವುದು 1760ರಲ್ಲಿ. ಶಿರಾದಲ್ಲಿ ಮೊಗಲ್ ಸುಬೇದಾರ ದಿಲಾವರ್ ಖಾನ್ ಮಾಡಿಸಿದ್ದ ಖಾನ್ ಬಾಗ್ ಎಂಬ ತೋಟವನ್ನು ನೋಡಿ ಮನಸೋತ ಹೈದರಾಲಿ, ಬೆಂಗಳೂರು ಕೋಟೆಯ ಹೊರಗೆ ಅಂಥದ್ದೇ ಒಂದನ್ನು ಹಾಕಿಸಿದ. ಆಗ ಅದು ಸುಮಾರು 40 ಎಕರೆ, ಈಗ 240 ಎಕರೆ. 'ಹಂಗಾರೆ ಇದು ನಮ್ಮ ಶಿರಾ ಕಡೆಯದು' ಎಂದು ಅಮ್ಮನಿಗೆ ಹಿಗ್ಗು, ಅವಳದು ಮಧುಗಿರಿ ಸೀಮೆ. ಹೈದರ್ ದೆಹಲಿ, ಲಾಹೋರ್, ಮುಲ್ತಾನಿನಿಂದ ಗಿಡ ತರಿಸಿದರೆ, ಮಗ ಟಿಪ್ಪು ಕಾಬೂಲ್, ಪರ್ಷಿಯಾ, ಮಾರಿಷಸ್, ತುರ್ಕಿಯ ತನಕ ಕೈ ಚಾಚಿದ. ಗಿಡ ತರಿಸುವುದು ದೊರೆಯ ಕೆಲಸ. ಅದನ್ನು ಬದುಕಿಸುವುದು ಬೇರೆಯವರದು. ಆ ಕೆಲಸ ಮಾಡಿದವರು ತಿಗಳರು, ಧರ್ಮರಾಯನ ಗುಡಿಯಿಂದ ಚೈತ್ರ ಹುಣ್ಣಿಮೆಯ ರಾತ್ರಿ ಕರಗ ಹೊರುವ ಅದೇ ಸಮುದಾಯ. ಬಾವಿ, ಪಾತಿ, ಗೊಬ್ಬರದ ವಿದ್ಯೆ ಅವರ ಕೈಯಲ್ಲಿತ್ತು. ಪುಸ್ತಕಗಳಲ್ಲಿ ಅರಸರ, ಅಧಿಕಾರಿಗಳ ಹೆಸರು ಸಾಲುಸಾಲಾಗಿ ಸಿಗುತ್ತದೆ. ಎರಡೂವರೆ ಶತಮಾನ ನೀರು ಹೊತ್ತ ಈ ಕೈಗಳಿಗೆ ಅಲ್ಲಿ ಸಿಕ್ಕ ಜಾಗ ಕಡಿಮೆ. ನನ್ನ ಮಟ್ಟಿಗೆ ಲಾಲ್‌ಬಾಗಿನ ಮೊದಲ ಹೆಸರು ಅವರದೇ.

1799ರಲ್ಲಿ ಟಿಪ್ಪು ಮಡಿದ ಮೇಲೆ ತೋಟ ಹಲವು ಕೈ ಬದಲಾಯಿಸಿತು. 1856ರಲ್ಲಿ ಅದು ಸರ್ಕಾರಿ ಸಸ್ಯೋದ್ಯಾನವಾಯಿತು. ಅದಾದ ಎರಡು ವರ್ಷಕ್ಕೆ ಲಂಡನ್ನಿನ ಕ್ಯೂ ಉದ್ಯಾನದಿಂದ ವಿಲಿಯಂ ನ್ಯೂ ಎಂಬ ತೋಟಗಾರ ಬಂದರು. ಅಲ್ಲಿಂದ ಮುಂದೆ ಇದು ವಿಹಾರದ ಜಾಗವಷ್ಟೇ ಆಗಿ ಉಳಿಯಲಿಲ್ಲ. ಹೊರನಾಡಿನ ಬೀಜ ಇಲ್ಲಿನ ಮಣ್ಣಿಗೆ ಒಗ್ಗುತ್ತದೆಯೇ, ನಮ್ಮ ಮಳೆ ತಡೆಯುತ್ತದೆಯೇ, ರೈತನಿಗೆ ಲಾಭವೇ ಎಂದು ಪರೀಕ್ಷಿಸುವ ಒಂದು ದೊಡ್ಡ ಒಟ್ಟಲಾಯಿತು.

ಗಾಜಿನ ಮನೆಯ ಮುಂದೆ ನಿಂತಾಗ ಮಗಳು ತಲೆಯೆತ್ತಿ ಬಹಳ ಹೊತ್ತು ನೋಡಿದಳು. ಒಳಗೆ ಪ್ರದರ್ಶನವಿಲ್ಲ, ಹೂವಿನ ಗೋಪುರಗಳಿಲ್ಲ, ಬರೀ ಬೆಳಕು. ಖಾಲಿ ಇದ್ದಾಗಲೇ ಈ ಕಟ್ಟಡದ ಅಂದ ಪೂರ್ತಿ ಕಾಣುವುದು. 1889ರ ನವೆಂಬರ್ 30ರಂದು ವಿಕ್ಟೋರಿಯಾ ರಾಣಿಯ ಮೊಮ್ಮಗ ಆಲ್ಬರ್ಟ್ ವಿಕ್ಟರ್ ಇದಕ್ಕೆ ಅಡಿಗಲ್ಲಿಟ್ಟ. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಇದಕ್ಕೆ ಮಾದರಿ. ಕಟ್ಟಿಸಿದ ಜಾನ್ ಕ್ಯಾಮರಾನ್ 1874ರಿಂದ 1908ರವರೆಗೆ ತೋಟವನ್ನು ನೋಡಿಕೊಂಡವರು. ಚೆಲುವಯ್ಯ ರಾಜು ಎಂಬ ಕಲಾವಿದರು ಇಲ್ಲಿನ ಸಸ್ಯಗಳನ್ನು ಎಲೆ ಎಲೆಯಾಗಿ ಚಿತ್ರಿಸಿದ್ದೂ ಆ ಕಾಲದಲ್ಲೇ.

'ಕ್ಯಾಮರಾನ್ ಸಾಹೇಬರು ನಿನಗೂ ಒಂದು ಉಪಕಾರ ಮಾಡಿದ್ದಾರಮ್ಮ' ಎಂದೆ.

'ನಂಗೇನು?'

'ಸೀಮೆಬದನೆ.'

ಅಮ್ಮ ನಂಬಲಿಲ್ಲ. ಸೀಮೆಬದನೆಯ ಕೂಟು, ಮಜ್ಜಿಗೆಹುಳಿ, ಪಲ್ಯ ಅವಳ ವಾರದ ಅಡುಗೆ. ಮೆಕ್ಸಿಕೊ ಕಡೆಯ ಆ ಬಳ್ಳಿಯನ್ನು ಇಲ್ಲಿ ನೆಲೆಗೊಳಿಸಿದ ಹೆಸರು ಕ್ಯಾಮರಾನ್‌ಗೆ ಸೇರಿದ್ದು. ತಮಿಳುನಾಡಿನವರು ಇವತ್ತಿಗೂ ಅದನ್ನು 'ಬೆಂಗಳೂರು ಕತ್ತರಿಕ್ಕಾಯ್' ಎನ್ನುತ್ತಾರೆ. ನಾವು ಅದನ್ನು ಹೊರಗಿನದೆಂದು ಸೀಮೆಬದನೆ ಎಂದೆವು, ಪಕ್ಕದವರು ಅದನ್ನು ನಮ್ಮದೆಂದೇ ಕರೆದರು.

'ಸೀಮೆ ಅಂದ್ರೆ ಏನಮ್ಮಾ?' ಎಂದಳು ಮಗಳು. ಅವಳಿಗೆ ಗೊತ್ತಿದ್ದದ್ದು ಸೀಮೆಸುಣ್ಣ ಒಂದೇ. ಸೀಮೆಎಣ್ಣೆಯ ಡಬ್ಬಿಯನ್ನು ಅವಳು ಕಂಡಿಲ್ಲ. ಸೀಮೆ ಎಂದರೆ ಗಡಿ, ಗಡಿಯೊಳಗಿನ ನಾಡಿಗೂ ಅದೇ ಹೆಸರು, ಗಡಿಯಾಚೆಯಿಂದ ಬಂದ ವಸ್ತುವಿಗೂ ಅದೇ ಗುರುತು ಎಂದು ಹೇಳಿದೆ. ಒಂದೇ ಮಾತು ಒಳಗನ್ನೂ ಹೊರಗನ್ನೂ ಹೇಗೆ ಹೇಳುತ್ತದೆ ಎಂದು ಅವಳು ಕೇಳಿದಳು. ಒಳ್ಳೆಯ ಪ್ರಶ್ನೆ. ಉತ್ತರಕ್ಕೆ ಅವಳನ್ನು ಬಂಡೆಯ ಮೇಲೆ ಹತ್ತಿಸಿದೆ.

ಆ ಬಂಡೆ ಸಾಮಾನ್ಯದ್ದಲ್ಲ. ಸುಮಾರು 300 ಕೋಟಿ ವರ್ಷದ್ದು. ದಕ್ಷಿಣ ಭಾರತದ ತಳಪಾಯವೇ ಆಗಿರುವ ಈ ಶಿಲೆಗೆ ಪರ್ಯಾಯದ್ವೀಪದ ನೈಸ್ ಎಂದು ಹೆಸರು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ. ಮೈಮೇಲೆ ಕಪ್ಪು ಬಿಳಿ ಪಟ್ಟೆಗಳು ಬಾಗಿ ಬಳುಕಿ ಹರಿದಿವೆ, ಒಂದು ಕಾಲಕ್ಕೆ ಇದೆಲ್ಲ ಕಾದು ಹಿಟ್ಟಿನಂತೆ ನಾದಿಸಿಕೊಂಡಿತ್ತು ಎನ್ನುವುದಕ್ಕೆ ಸಾಕ್ಷಿ. ಮಕ್ಕಳ ಕೈಯನ್ನು ಆ ಪಟ್ಟೆಯ ಮೇಲೆ ಇಡಿಸಬೇಕು. ನನ್ನವಳು ಕೂತು ಬೆರಳಿನಿಂದ ಒಂದು ಪಟ್ಟೆಯನ್ನು ಕೊನೆಯ ತನಕ ಹಿಂಬಾಲಿಸಿದಳು. ಬೆಳಗಿನ ಇಬ್ಬನಿ ಆರುವ ತನಕ ಮಾತ್ರ ಜಾರುತ್ತದೆ, ಹಿರಿಯರ ಕೈ ಹಿಡಿದುಕೊಳ್ಳಿ.

ನೆತ್ತಿಯಲ್ಲಿ ಕೆಂಪೇಗೌಡರ ಗೋಪುರ. ಊರಿನ ಎಲ್ಲೆ ಗುರುತಿಸಲು ನಾಲ್ಕು ದಿಕ್ಕಿಗೆ ನಿಲ್ಲಿಸಿದರೆಂದು ಹೇಳುವ ನಾಲ್ಕರಲ್ಲಿ ಇದೊಂದು. 'ಇದೇ ಸೀಮೆ' ಎಂದೆ. ಮಗಳು ಸುತ್ತಲೂ ನೋಡಿದಳು. ಯಾವ ಕಡೆ ತಿರುಗಿದರೂ ಊರು, ಕಟ್ಟಡಗಳು, ದೂರದಲ್ಲಿ ಇನ್ನೂ ಕಟ್ಟಡಗಳು. 'ಹಾಗಾದ್ರೆ ಆಗ ನಮ್ಮನೆ ಹೊರಗಿತ್ತಾ?' ನಮ್ಮ ಮನೆ ಬನಶಂಕರಿಯ ಆಚೆ. ಹೌದು, ಬಹಳ ಹೊರಗೆ. ಎಲ್ಲೆಯ ಕಲ್ಲು ಇದ್ದಲ್ಲೇ ಇದೆ, ಊರು ಅದನ್ನು ದಾಟಿ ಹೋಗಿದೆ. ಅದರ ನೆರಳಿನಲ್ಲಿ ಬೇರೆ ಖಂಡಗಳ ಮರಗಳು ಬೇರು ಬಿಟ್ಟಿವೆ.

ಇಳಿದು ಕೆರೆಯ ದಿಕ್ಕಿಗೆ ನಡೆದೆವು. ಬಿಳಿ ಬೂರುಗದ ಹೆಮ್ಮರವನ್ನು ನೋಡದೆ ಬರಬಾರದು. ಹಲಗೆಯಂತೆ ಎದ್ದು ನಿಂತ ಬೇರುಗಳ ಸಂದಿನಲ್ಲಿ ಒಂದು ಸಂಸಾರವೇ ಅಡಗಬಹುದು. ಅಮ್ಮನಿಗೆ ತವರಿನ ಬೂರುಗದ ಹತ್ತಿಯ ದಿಂಬು ನೆನಪಾಯಿತು. ಒಳಗೆ ಸಿಕ್ಕಿಕೊಂಡ ಬೀಜ ರಾತ್ರಿ ಕಿವಿಯ ಹತ್ತಿರ ಕಟಕಟ ಎನ್ನುತ್ತಿದ್ದುದನ್ನೂ, ಬೇಸಿಗೆ ರಜೆಯಲ್ಲಿ ಬೀಜ ಬಿಡಿಸಲು ಮಕ್ಕಳನ್ನೆಲ್ಲ ಕೂರಿಸುತ್ತಿದ್ದುದನ್ನೂ ಹೇಳಿದಳು. ನಾನು ಅವಳ ಮಗಳಾಗಿ ಇಷ್ಟು ವರ್ಷವಾದರೂ ಈ ಕಥೆ ಕೇಳಿರಲಿಲ್ಲ. ಮನೆಯ ಹಾಲಿನಲ್ಲಿ ಕೂತು ಕೇಳಿದರೆ ಬಾರದ ನೆನಪುಗಳು ಮರದ ಕೆಳಗೆ ತಾವಾಗಿ ಬರುತ್ತವೆ. ಮೂರು ತಲೆಮಾರು ಒಟ್ಟಿಗೆ ಇಲ್ಲಿಗೆ ಬರಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕೇ. ಅಲ್ಲೇ ಎಲ್ಲೋ ತಿರುವಕ್ಕರೈಯಿಂದ ತಂದ ಎರಡು ಕೋಟಿ ವರ್ಷ ಹಳೆಯ ಕಲ್ಲಾದ ಮರವೂ ಇದೆ. ಮಕ್ಕಳಿಗೆ ತೋರಿಸಿ.

ತೋಟದ ಗೇಟು ದಾಟಿ ಊರಿಗೆಲ್ಲ ಹಬ್ಬಿದ ಕೆಲಸ ಕ್ರುಂಬಿಗಲ್ ಅವರದು. ಡ್ರೆಸ್ಡೆನ್ ಹತ್ತಿರ ಹುಟ್ಟಿದ ಈ ಜರ್ಮನ್ ತೋಟಗಾರ ಕ್ಯೂ, ಬರೋಡಾ ದಾಟಿ 1908ರಲ್ಲಿ ಲಾಲ್‌ಬಾಗಿಗೆ ಬಂದರು, 1932ರವರೆಗೆ ಇದ್ದರು. 1912ರಲ್ಲಿ ಮೈಸೂರು ಉದ್ಯಾನ ಕಲಾ ಸಂಘ ಹುಟ್ಟಿದ್ದು ಅವರ ಕಾಲದಲ್ಲಿ. ವರ್ಷದ ಯಾವ ತಿಂಗಳಲ್ಲಾದರೂ ಬೆಂಗಳೂರಿನ ಒಂದಲ್ಲ ಒಂದು ಬೀದಿ ಹೂ ಬಿಟ್ಟಿರಬೇಕು ಎಂಬ ಲೆಕ್ಕದಲ್ಲಿ ಮರ ನೆಡಿಸಿದ ಯೋಜನೆ ಅವರದು. ಚಳಿಗಾಲಕ್ಕೆ ಗುಲಾಬಿ ಬಣ್ಣದ ಟಬೂಬಿಯಾ, ಶಿವರಾತ್ರಿಯ ಹೊತ್ತಿಗೆ ಜಕರಂಡದ ನೇರಳೆ, ಬೇಸಿಗೆಗೆ ಕೆಂಡದಂಥ ಗುಲ್‌ಮೊಹರ್. ಬ್ರೆಜಿಲ್, ಮಡಗಾಸ್ಕರ್ ಕಡೆಯ ಆ ಮರಗಳು ಈಗ ನಮ್ಮ ಪಂಚಾಂಗದ ಹಾಗೆ. ಗುಲ್‌ಮೊಹರ್ ಕೆಂಪಾದರೆ ಪರೀಕ್ಷೆ ಮುಗಿಯಿತು ಎಂದೇ ನಮಗೆ ಶಾಲೆಯ ದಿನಗಳಲ್ಲಿ ಗೊತ್ತಾಗುತ್ತಿತ್ತು. ಕ್ರುಂಬಿಗಲ್ ತಿರುಗಿ ಜರ್ಮನಿಗೆ ಹೋಗಲಿಲ್ಲ, 1956ರಲ್ಲಿ ಬೆಂಗಳೂರಿನಲ್ಲೇ ಮಣ್ಣಾದರು.

ಅವರ ನಂತರ ಬಂದ ಎಚ್.ಸಿ. ಜವರಾಯ ಲಾಲ್‌ಬಾಗಿನ ಮುಖ್ಯಸ್ಥರ ಹುದ್ದೆಗೇರಿದ ಮೊದಲ ಭಾರತೀಯರು. ಆಮೇಲೆ ಎಂ.ಎಚ್. ಮರಿಗೌಡರು. ಹಾರ್ವರ್ಡ್‌ನಲ್ಲಿ ಓದಿ ಬಂದ ಮರಿಗೌಡರು ಕೂತು ಯೋಚಿಸಿದ್ದು ಹಳ್ಳಿಯ ರೈತನನ್ನು. ರಾಜ್ಯದ ಉದ್ದಗಲಕ್ಕೆ ತೋಟಗಾರಿಕೆ ಕ್ಷೇತ್ರಗಳನ್ನೂ ನರ್ಸರಿಗಳನ್ನೂ ತೆರೆಸಿದರು. ಮಧುಗಿರಿಯ ನಮ್ಮಜ್ಜನ ಹಿತ್ತಲಿಗೆ ಕಸಿ ಮಾವಿನ ಸಸಿ ಬಂದದ್ದು ಅಂಥ ಒಂದು ನರ್ಸರಿಯಿಂದ. ಆ ಮರ ಈಗಲೂ ಬಿಡುತ್ತದೆ. 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಶುರುವಾಗಿ, ಮುಂದೆ ಹಾಪ್‌ಕಾಮ್ಸ್ ಆದ ಸಂಸ್ಥೆಯ ಹಿಂದೆಯೂ ಅವರೇ ಇದ್ದರು. ಬೆಂಗಳೂರಿನ ಮೂಲೆಮೂಲೆಯ ಆ ತರಕಾರಿ ಮಳಿಗೆಗಳ ಬೇರು ಹುಡುಕಿದರೆ ಲಾಲ್‌ಬಾಗಿಗೆ ಬಂದು ಮುಟ್ಟುತ್ತದೆ.

ಒಂಬತ್ತೂವರೆಗೆ ಬಿಸಿಲು ಚುರುಕಾಯಿತು. ಮಾವಳ್ಳಿಯ ಕಡೆ ಹೋಗಿ ತಿಂಡಿ ತಿನ್ನೋಣ ಎಂದರು ನನ್ನವರು. ಸಾಲು ಎಷ್ಟೇ ಉದ್ದವಿರಲಿ, ಲಾಲ್‌ಬಾಗ್ ಸುತ್ತಿ ಎಂಟಿಆರ್‌ನಲ್ಲಿ ರವೆ ಇಡ್ಲಿ ತಿನ್ನುವುದು ಎಷ್ಟೋ ಬೆಂಗಳೂರಿಗರ ವಾಡಿಕೆ. ಅಮ್ಮ ಒಪ್ಪಿದಳು, ಆದರೆ ಮೊದಲು ಒಂದು ಕೆಲಸವಿದೆ ಎಂದು ಹೊರಗಿನ ಹಾಪ್‌ಕಾಮ್ಸ್ ಮಳಿಗೆಯ ಮುಂದೆ ನಿಂತಳು. ಬುಟ್ಟಿಯಲ್ಲಿ ಸೀಮೆಬದನೆ ರಾಶಿ ಬಿದ್ದಿತ್ತು. ಒಂದೊಂದನ್ನೂ ಎತ್ತಿ, ಉಗುರೊತ್ತಿ, ಎಳೆಯವನ್ನೇ ಆರಿಸಿ ಮೊಮ್ಮಗಳ ಚೀಲಕ್ಕೆ ಹಾಕಿದಳು.

'ಅಜ್ಜೀ, ಇದನ್ನು ಏನು ಮಾಡ್ತೀ?'

'ಕಾಯಿ ಕೂಟಿಗೆ. ಸಿಪ್ಪೆ ಎಸೀಬೇಡ್ವೇ, ಚಟ್ನಿಗೆ ಬೇಕು.'