ಎದುರಾಳಿ ಯಾವ ದಾರಿ ಹಿಡಿದಾನು?

1943ರ ಫೆಬ್ರವರಿ ತಿಂಗಳ ಕೊನೆ. ಎರಡನೆಯ ಮಹಾಯುದ್ಧ ಪೆಸಿಫಿಕ್ ಸಾಗರದಲ್ಲಿ ಭೀಕರವಾಗಿ ನಡೆದಿತ್ತು. ನ್ಯೂ ಬ್ರಿಟನ್ ದ್ವೀಪದ ರಬೌಲ್ ಬಂದರಿನಿಂದ ನ್ಯೂಗಿನಿಯ ಲಾಯೆ ಎಂಬಲ್ಲಿಗೆ ಸುಮಾರು 6,900 ಸೈನಿಕರನ್ನು ಸಾಗಿಸಲು ಜಪಾನ್ ಸಿದ್ಧತೆ ನಡೆಸಿತು. ದಾರಿಗಳು ಎರಡು. ದ್ವೀಪದ ಉತ್ತರಕ್ಕೆ ಹೋದರೆ ಮಳೆ, ಮೋಡ. ದಕ್ಷಿಣಕ್ಕೆ ಹೋದರೆ ತಿಳಿಯಾದ ಆಕಾಶ. ಪ್ರಯಾಣ ಎರಡರಲ್ಲೂ ಮೂರು ದಿನ.

ಮಿತ್ರಪಕ್ಷಗಳ ವಾಯುಪಡೆಯ ಮುಖ್ಯಸ್ಥ ಜನರಲ್ ಜಾರ್ಜ್ ಕೆನಿಯವರ ಮುಂದಿದ್ದ ಪ್ರಶ್ನೆಯೂ ಅದೇ. ಶತ್ರುವಿನ ಹಡಗುಗಳನ್ನು ಹುಡುಕಲು ಬಹುಪಾಲು ವಿಮಾನಗಳನ್ನು ಯಾವ ಕಡೆ ಕಳಿಸಬೇಕು?

ಅಮೆರಿಕದ ವಾಯುಪಡೆಯ ಅಧಿಕಾರಿ ಒ.ಜಿ. ಹೇವುಡ್ 1954ರಲ್ಲಿ ಬರೆದ ಲೇಖನವೊಂದರಲ್ಲಿ ಈ ಸಂದಿಗ್ಧವನ್ನು ‘ಗೇಮ್ ಥಿಯರಿ’, ಅಂದರೆ ಆಟದ ಸಿದ್ಧಾಂತದ ಮೂಲಕ ಬಿಡಿಸಿ ತೋರಿಸಿದರು. ವಿಮಾನಗಳು ಉತ್ತರದಲ್ಲಿ ಹುಡುಕಿದರೆ, ಹಡಗುಗಳು ಯಾವ ದಾರಿಯಲ್ಲೇ ಬರಲಿ, ಬಾಂಬ್ ದಾಳಿಗೆ 2 ದಿನ ಸಿಗುತ್ತದೆ. ದಕ್ಷಿಣದಲ್ಲಿ ಹುಡುಕಿ, ಹಡಗುಗಳೂ ಅಲ್ಲೇ ಇದ್ದರೆ 3 ದಿನ. ಆದರೆ ಹಡಗುಗಳು ಉತ್ತರಕ್ಕೆ ಹೋಗಿದ್ದರೆ 1 ದಿನ ಮಾತ್ರ.

ಈಗ ಲೆಕ್ಕ ಸುಲಭ. ಪ್ರತಿಯೊಂದು ಆಯ್ಕೆಯಲ್ಲೂ ತನಗೆ ಆಗಬಹುದಾದ ಅತಿ ಕೆಟ್ಟದ್ದು ಯಾವುದೆಂದು ಕೆನಿ ನೋಡಬೇಕು. ಉತ್ತರದಲ್ಲಿ ಅದು 2 ದಿನ, ದಕ್ಷಿಣದಲ್ಲಿ 1 ದಿನ. ಆದ್ದರಿಂದ ಉತ್ತರವೇ ಲೇಸು. ಜಪಾನಿ ಸೇನಾಪತಿಯದೂ ಇದೇ ವಿಚಾರ. ಉತ್ತರಕ್ಕೆ ಹೋದರೆ ಹೆಚ್ಚೆಂದರೆ 2 ದಿನ ದಾಳಿ, ದಕ್ಷಿಣಕ್ಕೆ ಹೋದರೆ 3 ದಿನ. ಅವನಿಗೂ ಉತ್ತರವೇ ಲೇಸು. ಎರಡು ಲೆಕ್ಕಗಳೂ 2 ದಿನ ಎಂಬಲ್ಲಿ ಕೂಡುತ್ತವೆ. ಇಲ್ಲಿಂದ ಒಬ್ಬನೇ ದಾರಿ ಬದಲಿಸಿದರೆ ಅವನಿಗೆ ಲಾಭವಿಲ್ಲ. ಇದೇ ಸಮತೋಲನ. ಗಣಿತಜ್ಞರು ಇದನ್ನು ಕುದುರೆಯ ಜೀನಿಗೆ ಹೋಲಿಸುತ್ತಾರೆ. ಜೀನಿನ ನಡುಭಾಗ ಉದ್ದಕ್ಕೆ ನೋಡಿದರೆ ತಗ್ಗು, ಅಡ್ಡಕ್ಕೆ ನೋಡಿದರೆ ಉಬ್ಬು.

ಎಲ್ಲ ಆಟಗಳೂ ಇಷ್ಟು ಸರಳವಲ್ಲ. ಮಕ್ಕಳ ಹುಣಿಸೆಬೀಜದ ಆಟದಂಥ ಒಂದನ್ನು ಊಹಿಸಿಕೊಳ್ಳಿ. ಒಬ್ಬ ಮುಷ್ಟಿಯಲ್ಲಿ ಒಂದು ಅಥವಾ ಎರಡು ಬೀಜ ಮುಚ್ಚಿಡುತ್ತಾನೆ. ಇನ್ನೊಬ್ಬ ಸರಿಯಾಗಿ ಹೇಳಿದರೆ ಅಷ್ಟೂ ಬೀಜ ಅವನಿಗೆ. ತಪ್ಪಿದರೆ ಏನೂ ಇಲ್ಲ. ಸದಾ ಒಂದನ್ನೇ ಇಟ್ಟರೆ ಗುಟ್ಟು ಬೇಗ ಬಯಲಾಗುತ್ತದೆ; ಸದಾ ಎರಡನ್ನೇ ಇಟ್ಟರೆ ನಷ್ಟ ಇನ್ನೂ ಹೆಚ್ಚು.

ಹಾಗಾದರೆ ಬೆರೆಸಿ ಆಡಬೇಕು. ಯಾವ ಪ್ರಮಾಣದಲ್ಲಿ? ಎದುರಾಳಿ ‘ಒಂದು’ ಎಂದರೂ ‘ಎರಡು’ ಎಂದರೂ ಅವನಿಗೆ ಸಿಗುವುದು ಒಂದೇ ಆಗುವಂತೆ. ಮೂರು ಸಲದಲ್ಲಿ ಎರಡು ಸಲ ಒಂದು ಬೀಜ, ಒಂದು ಸಲ ಎರಡು ಬೀಜ ಎಂಬ ಪ್ರಮಾಣದಲ್ಲಿ, ಯಾವ ಕ್ರಮವೂ ಕಾಣದಂತೆ ಇಟ್ಟರೆ, ಅವನು ಸದಾ ‘ಒಂದು’ ಎಂದರೆ ಮೂರು ಆಟಕ್ಕೆ ಸರಾಸರಿ ಎರಡು ಬೀಜ. ಸದಾ ‘ಎರಡು’ ಎಂದರೂ ಎರಡೇ ಬೀಜ. ಊಹಿಸುವವನೂ ಇದೇ ಪ್ರಮಾಣದಲ್ಲಿ ಹೇಳಬೇಕು. ಆಗ ಮುಚ್ಚಿಡುವವನು ಏನು ಮಾಡಿದರೂ ತನ್ನ ನಷ್ಟವನ್ನು ತಗ್ಗಿಸಲಾರ.

ಹೀಗೆ ಒಬ್ಬನ ಲಾಭವೇ ಇನ್ನೊಬ್ಬನ ನಷ್ಟವಾಗುವ, ಆಯ್ಕೆಗಳಿಗೆ ಮಿತಿಯಿರುವ ಇಬ್ಬರ ಆಟದಲ್ಲಿ ಇಂಥ ಸಮತೋಲನ ಇದ್ದೇ ಇರುತ್ತದೆಂದು ಹಂಗೇರಿ ಮೂಲದ ಜಾನ್ ಫಾನ್ ನಾಯ್ಮನ್ 1928ರಲ್ಲಿ ಸಾಧಿಸಿದರು. ಲಾಭನಷ್ಟಗಳು ಹೀಗೆ ನೇರ ವಿರುದ್ಧವಾಗಿಲ್ಲದ ಆಟಗಳಿಗೂ ಅದು ಅನ್ವಯಿಸುತ್ತದೆಂದು 1950ರಲ್ಲಿ ಅಮೆರಿಕದ ಜಾನ್ ನ್ಯಾಶ್ ತೋರಿಸಿದರು. ಅವರಿಗೆ 1994ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು. ಆದರೆ ಸಮತೋಲನ ‘ಇದೆ’ ಎನ್ನುವುದು ಬೇರೆ, ಅದನ್ನು ಹುಡುಕಿ ತೆಗೆಯುವುದು ಬೇರೆ. ನ್ಯಾಶ್ ಹೇಳಿದ ಬಗೆಯ ಆಟದಲ್ಲಿ ಆಡುವವರು ಇಬ್ಬರೇ ಆದರೂ, ಆಯ್ಕೆಗಳು ಹೆಚ್ಚಿದಂತೆ ಎಲ್ಲ ಸಂದರ್ಭಗಳಲ್ಲೂ ಬೇಗ ಉತ್ತರ ಕೊಡುವ ವಿಧಾನ ಕಂಪ್ಯೂಟರುಗಳಿಗೂ ಇನ್ನೂ ದಕ್ಕಿಲ್ಲ.

ರಬೌಲ್‌ನಿಂದ ಹೊರಟ ಹಡಗುಗಳ ಗತಿ ಏನಾಯಿತು? ಅವು ಉತ್ತರದ ದಾರಿಯನ್ನೇ ಹಿಡಿದವು. ಕೆನಿಯ ವಿಮಾನಗಳೂ ಅಲ್ಲೇ ಹುಡುಕಿದವು. ಮಾರ್ಚ್ 2ರಿಂದ 4ರವರೆಗೆ ನಡೆದ ಬಿಸ್ಮಾರ್ಕ್ ಸಮುದ್ರದ ಕದನದಲ್ಲಿ ಸೈನಿಕರನ್ನು ಹೊತ್ತಿದ್ದ ಎಂಟೂ ಹಡಗುಗಳು, ಎಂಟು ಬೆಂಗಾವಲು ನೌಕೆಗಳಲ್ಲಿ ನಾಲ್ಕು ಮುಳುಗಿದವು. ಲಾಯೆ ತಲುಪಿದ ಸೈನಿಕರು ಸುಮಾರು 1,200 ಮಾತ್ರ.

ಹೇವುಡ್ ಅವರ ಲೆಕ್ಕದ ಪ್ರಕಾರ ಜಪಾನಿ ಸೇನಾಪತಿ ದಾರಿ ಆರಿಸುವಾಗ ತಪ್ಪು ಮಾಡಿರಲಿಲ್ಲ. ಇದ್ದ ಎರಡು ದಾರಿಗಳಲ್ಲಿ ಕಡಿಮೆ ಅಪಾಯದ್ದನ್ನೇ ಹಿಡಿದಿದ್ದ. ಆದರೆ ಆ ಲೆಕ್ಕದಲ್ಲಿ ಇದ್ದದ್ದು ದಾಳಿಯ ದಿನಗಳು ಮಾತ್ರ. ನೀರಿನ ಮಟ್ಟಕ್ಕೆ ಇಳಿದು ಬಾಂಬ್ ಹಾಕುವ ಹೊಸ ಕ್ರಮವನ್ನು ಕೆನಿಯ ಪಡೆ ಅಭ್ಯಾಸ ಮಾಡಿಕೊಂಡಿತ್ತು. ಹಾಗಾಗಿ ಒಂದೊಂದು ದಿನದ ದಾಳಿಯೂ ಹಿಂದೆಂದಿಗಿಂತ ಘೋರವಾಯಿತು. ಸಮತೋಲನದ ಲೆಕ್ಕ ಇರುವ ಆಯ್ಕೆಗಳಲ್ಲಿ ಉತ್ತಮವಾದುದನ್ನು ತೋರಿಸುತ್ತದೆ. ಆ ಪ್ರಯಾಣಕ್ಕೆ ಹೊರಡಲೇಬೇಕೇ ಎಂಬುದನ್ನು ಮಾತ್ರ ಹಡಗು ಬಿಡುವ ಮೊದಲೇ ಕೇಳಿಕೊಳ್ಳಬೇಕು.